ಸುಲತಾನಾಳ ಚೌಕಶಿ

ನಮ್ಮ ಅಂಗಡಿಯ ಬಾಗಿಲ ಮೇಲೆ ಎರಡು ಬಲ್ಬುಗಳಿವೆ, ಒಂದು ಕೆಂಪು, ಒಂದು ಹಸಿರು. ಉಟಗಿಯ ಅರ್ಧ ಜನ ಅವನ್ನು ಮೊಹರಮ್ಮಿಗೆ ಹಾಕಿ ತೆಗೆಯಲು ಮರೆತ ಲೈಟು ಎಂದುಕೊಂಡಿದ್ದಾರೆ. ಉಳಿದರ್ಧ ಜನ ಕೇಳಿದ್ದಾರೆ, ನಾನು ಹೇಳಿದ್ದೇನೆ, ಅವರಿಗೆ ತಿಳಿದಿಲ್ಲ. ಹಸಿರು ಉರಿದರೆ ನಾವು ಮಾಲು ಕಳಿಸಬಹುದು, ಕೆಂಪು ಉರಿದರೆ ಕಳಿಸುವ ಹಾಗಿಲ್ಲ. ಯಾವುದು ಉರಿಯಬೇಕು ಎಂಬುದು ಸುಲತಾನಾಳ ಕೈಯಲ್ಲಿದೆ. ಅಂಗಡಿ ನನ್ನದು ಮತ್ತು ಮೊಸಿನನದು, ಬೋರ್ಡಿನ ಮೇಲೆ ನಮ್ಮಿಬ್ಬರ ಹೆಸರೇ ಇದೆ, ಆದರೂ ಪರಿಸ್ಥಿತಿ ಹೀಗಿದೆ.

ನಾನು ಮಹಾಂತ. ಡಬ್ಬಿ ಮಾರುವುದು ನನ್ನ ಕೆಲಸ. ಡಬ್ಬಿ ಎಂದರೆ ಬಾವಿಯ ಮೋಟಾರಿಗೆ ಹಚ್ಚುವ ಪೆಟ್ಟಿಗೆ, ಅದರೊಳಗೆ ಒಂದು ಸಿಮ್ಮು. ರೈತ ಮನೆಯಲ್ಲಿ ಕುಳಿತು ಮೊಬೈಲಿನಿಂದ ‘ಚಾಲೂ’ ಎಂದು ಮೆಸೇಜು ಹಾಕಿದರೆ ಮೋಟಾರು ಶುರುವಾಗುತ್ತದೆ, ‘ಬಂದ್’ ಎಂದರೆ ನಿಲ್ಲುತ್ತದೆ. ಗಡಿಯಲ್ಲಿರುವ ನಮ್ಮ ಜತ್ತ ತಾಲೂಕಿನಲ್ಲಿ ಕರೆಂಟು ತನಗೆ ತಿಳಿದಾಗ ಬಂದು ತನಗೆ ತಿಳಿದಾಗ ಹೋಗುವುದರಿಂದ ಇಂಥ ಡಬ್ಬಿಗೆ ಗಿರಾಕಿ ಉಂಟು, ಪೇಟೆಯಲ್ಲಿ ಬೇಕಾದಷ್ಟು ಬಗೆಯವು ಸಿಗುತ್ತವೆ. ನಮ್ಮದರಲ್ಲಿ ಒಂದು ಹೆಚ್ಚಿನದಿದೆ. ‘ಬೀಗ’ ಎಂದು ಮೆಸೇಜು ಹಾಕಿದರೆ, ಮತ್ತೆ ‘ಬೀಗ ತೆಗಿ’ ಎನ್ನುವವರೆಗೆ ಮೋಟಾರು ಯಾರು ಹೇಳಿದರೂ ಏಳುವುದಿಲ್ಲ. ಬಾವಿಗಿಳಿದು ರಿಪೇರಿ ಮಾಡುವವರಿಗಾಗಿ ಇದನ್ನು ಇಟ್ಟೆವು. ಮೊದಲೆಲ್ಲ ಅವರು ಹೊಲದ ಆಚೆ ತುದಿಯ ಡೀಪಿಗೆ, ಅಂದರೆ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ, ನಡೆದುಹೋಗಿ ಫ್ಯೂಸು ಕಿತ್ತು ಕಿಸೆಯಲ್ಲಿಟ್ಟುಕೊಂಡು ಬಂದು ಇಳಿಯುತ್ತಿದ್ದರು. ನಮ್ಮ ಡಬ್ಬಿ ಬಂದ ಮೇಲೆ ಆ ನಡಿಗೆ ತಪ್ಪಿತು. ‘ನಿಶ್ಚಿಂತೆಯಿಂದ ಇಳಿಯಿರಿ’ ಎಂದು ನಾನೇ ಮರಾಠಿಯಲ್ಲೂ ಕನ್ನಡದಲ್ಲೂ ಪಾಂಪ್ಲೆಟ್ ಅಚ್ಚು ಹಾಕಿಸಿದ್ದೆ.

ಡಬ್ಬಿಯೊಳಗಿನ ಪ್ರೋಗ್ರಾಮು ಬರೆಯುವವನು ಮೊಸಿನ. ಬೋರ್ಡಿಗೆ ಬೆಸುಗೆ ಹಾಕುವವಳು ಅವನ ಅಕ್ಕ ರುಬಿನಾ. ಇವರಿಬ್ಬರ ತಂದೆ ಹಾಜಿಮಲಂಗ ಚಾಚಾ ಈ ಸುತ್ತಿನಲ್ಲಿ ಮೋಟಾರು ರಿಪೇರಿಗೆ ಹೆಸರಾದವರು. ಉಟಗಿ, ಬಾಲಗಾಂವ, ತಿಕೋಂಡಿಗಳಲ್ಲಿ ಅವರು ಇಳಿಯದ ಬಾವಿ ಇಲ್ಲ. ಬೀಗದ ಮೆಸೇಜನ್ನು ಮೊದಲು ನಂಬಿ ಇಳಿದವರೂ ಅವರೇ. ಹಿರಿಯ ಮಗ ಸೈಫ ಜತ್ತದ ರಸ್ತೆಯಲ್ಲಿ ಜೀಪು ಓಡಿಸುತ್ತಾನೆ. ಸುಲತಾನಾ ಅವನ ಹೆಂಡತಿ.

ಅವಳ ತವರು ಬಾಲಗಾಂವ. ಮಿರಜದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಮದುವೆಗೆ ಮೊದಲು ಪುಣೆಯ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಆ ಕೆಲಸ. ಇಂಥ ಸ್ವಭಾವದವರಿಗೆ ಸಂಬಳ ಬೇರೆ ಕೊಡುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಮದುವೆಯಾಗಿ ಉಟಗಿಗೆ ಬಂದ ಮೇಲೆ ಮೈದುನನ ಅಂಗಡಿಗೆ ಒಂದು ದಿನ ಚಹಾ ಕೊಡಲು ಬಂದಳು. ಮೊಸಿನನ ಹೆಗಲ ಮೇಲಿಂದ ಪರದೆ ನೋಡಿ, “ಇದನ್ನ ಯಾರು ನೋಡತಾರ?” ಎಂದು ಕೇಳಿದಳು.

“ನಾನ ಬರದೀನಿ ಭಾಭಿ, ನಾನ ನೋಡತೀನಿ,” ಎಂದ ಮೊಸಿನ.

“ಅದಕ್ಕ ಕೇಳಿದೆ,” ಎಂದಳು. ಮಾರನೆಯ ದಿನ ಚಹಾ ಇಲ್ಲದೆ ಬಂದಳು, ಲ್ಯಾಪ್‌ಟಾಪು ತಂದಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಹೆಣ್ಣು ಗಂಡಿನ ಸಂಬಂಧ ಬಂದಾಗ ಹಿಂದೂ ಮನೆಯಾಗಲಿ ಮುಸಲ್ಮಾನರ ಮನೆಯಾಗಲಿ ಚೌಕಶಿ ಮಾಡುತ್ತಾರೆ. ಮನೆತನ ಎಂಥದು, ಹುಡುಗ ಎಂಥವನು ಎಂದು ವಿಚಾರಿಸುವುದು. ಸುಲತಾನಾಳ ಅಜ್ಜಿ ಬಾಲಗಾಂವದಲ್ಲಿ ಈ ವಿದ್ಯೆಯಲ್ಲಿ ಎತ್ತಿದ ಕೈ. ಆಕೆ ಹುಡುಗನ ಮನೆಗೆ ಹೋಗುತ್ತಲೇ ಇರಲಿಲ್ಲ. ಆ ಮನೆಯವರು ಹಿಟ್ಟು ಬೀಸಿಸುವ ಗಿರಣಿಗೆ, ಜಗಳವಾಡಿದ ನೆರೆಮನೆಗೆ, ಹುಡುಗನ ಸೋದರಮಾವನ ಹೆಂಡತಿಯ ತವರಿಗೆ ಹೋಗುತ್ತಿದ್ದಳು. ಮನೆಯವರು ಹೇಳುವುದು ಅವರಿಗೆ ಬೇಕಾದದ್ದು, ಹಿಂದಿರುವವರನ್ನು ಕೇಳಬೇಕು ಎಂಬುದು ಅವಳ ಲೆಕ್ಕ. ಆದರೆ ಈ ಚೌಕಶಿಗೆ ಒಂದು ಕಡಿವಾಣವಿದೆ. ತಿಳಿದ ಹಿರಿಯನೊಬ್ಬ ಎದ್ದು “ನಾ ಜಾಮೀನ” ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಆಮೇಲೂ ವಿಚಾರಿಸಿದರೆ ಆ ಹಿರಿಯನ ಮೋರೆಗೆ ಮಸಿ ಬಳಿದ ಹಾಗೆ. ಜಾಮೀನು ನಿಂತದ್ದು ಕೆಟ್ಟುಹೋದರೆ ಮಾತ್ರ ಅವನು ಆ ಮನೆಯ ಹೊಸ್ತಿಲಿಗೆ ತಾನೇ ಹೋಗಿ, ಹೊರಗೆ ನಿಂತೇ, “ಜಾಮೀನ ನಂದಿತ್ತು” ಎಂದು ಹೇಳಬೇಕು. ಮನೆಯವರು ಕುಂದ್ರು ಅನ್ನುವವರೆಗೆ ಕೂರುವ ಹಾಗಿಲ್ಲ. ಕುಂದ್ರು ಅಂದರೆ ಮಾತು ಮುಗಿಯಿತು. ಅನ್ನದಿದ್ದರೆ ಬಂದ ದಾರಿಯಲ್ಲೇ ಹೋಗಬೇಕು.

ರುಬಿನಾಳ ಮದುವೆ ಹೀಗೆ ಒಂದು ಜಾಮೀನಿನ ಮೇಲೆ ಆದದ್ದು. ಹುಡುಗ ವಿಜಯಪುರದ ಕಡೆಯವನು, ಹಾಜಿಮಲಂಗ ಚಾಚಾನ ಹಳೆಯ ಗೆಳೆಯನ ಮಗ. ಮನೆಯ ಹೆಂಗಸರು ಗಿರಣಿಗೆ ಹೊರಟಿದ್ದಾಗ ಚಾಚಾ ಅಡ್ಡ ಬಂದು, “ಗುರುತಿನ ಮನಿ ಅದು. ನಾ ಜಾಮೀನ,” ಎಂದರು. ಹೆಂಗಸರು ಬುರಖಾ ತೆಗೆದು ಮೊಳೆಗೆ ಹಾಕಿದರು. ಹುಡುಗನಿಗೆ ಆಗಲೇ ಇನ್ನೊಂದು ಸಂಸಾರ ಇತ್ತು, ಆ ಊರಿನ ಗಿರಣಿಯವನಿಗೂ ಗೊತ್ತಿತ್ತು. ಒಂದು ವರ್ಷ ತುಂಬುವ ಮೊದಲೇ ರುಬಿನಾ ಟ್ರಂಕಿನೊಂದಿಗೆ ಎಸ್.ಟಿ. ಬಸ್ಸಿನಿಂದ ಇಳಿದಳು. ಸುಲತಾನಾ ಆ ಮನೆಗೆ ಸೊಸೆಯಾಗಿ ಬಂದದ್ದು ಅದಾದ ಮೇಲೆ. ಈ ವಿಷಯ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಚಾಚಾ ಯಾರ ಹೊಸ್ತಿಲಿಗೂ ಹೋಗಿ ನಿಲ್ಲಲಿಲ್ಲ, ಹೊಸ್ತಿಲು ಅವರದೇ ಆಗಿತ್ತಲ್ಲ.

ಇನ್ನು ಸುಲತಾನಾ ನಮ್ಮ ಅಂಗಡಿಯಲ್ಲಿ ಏನು ಮಾಡಿದಳು ಎಂಬುದು. ಮೊಸಿನ ಬರೆಯುವುದು ರಸ್ಟ್ ಎಂಬ ಭಾಷೆಯಲ್ಲಿ. ರಸ್ಟ್ ಎಂದರೆ ತುಕ್ಕು ಎಂದು ತಿಳಿದಾಗ ಚಾಚಾ, “ಜೀವಮಾನ ಪೂರ್ತಿ ಅದನ್ನ ತಿಕ್ಕಿ ತಿಕ್ಕಿ ತಗದೀನಿ, ನನ್ನ ಮಗ ಅದನ್ನ ಕಲತು ಬಂದಾನ,” ಎಂದಿದ್ದರು. ಮೊಸಿನ ಬರೆದದ್ದು ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ ಸೇರುತ್ತದೆ. ಸುಲತಾನಾ ಅಲ್ಲಿ ಒಂದು ಕಾವಲು ಕೂರಿಸಿದಳು. ಇವನು ಒಂದಕ್ಷರ ಬದಲಿಸಿ ಕಳಿಸಿದರೂ ಸಾಕು, ಅದು ತಾನಾಗಿ ಎದ್ದು ನೋಡುತ್ತದೆ. ಮೊದಲು ಸಾಲುಗಳು ನೆಟ್ಟಗಿವೆಯೇ ಎಂದು. ಅದಾದ ಮೇಲೆ ಕ್ಲಿಪ್ಪಿ ಎಂಬುದೊಂದು ಬರುತ್ತದೆ, ತಪ್ಪಿಲ್ಲದಿದ್ದರೂ ಹೀಗೇಕೆ ಬರೆದೆ, ಹಾಗೆ ಬರೆಯಬಾರದಿತ್ತೇ ಎಂದು ಗೊಣಗುವುದು ಅದರ ಕೆಲಸ. ನಮ್ಮ ದೊಡ್ಡಮ್ಮನ ಜಾತಿಯದು. ನಂತರ ಸುಲತಾನಾ ಬರೆದಿಟ್ಟ ಪರೀಕ್ಷೆಗಳು, ಚಾಲೂ ಎಂದರೆ ಚಾಲೂ ಆಗುತ್ತದೆಯೇ, ಬೀಗ ಹಾಕಿದ ಮೇಲೆ ಚಾಲೂ ಎಂದರೆ ಸುಮ್ಮನಿರುತ್ತದೆಯೇ ಎಂದು. ಕೊನೆಗೆ ಅವಳ ಅಜ್ಜಿಯ ವಿದ್ಯೆ.

ಪ್ರೋಗ್ರಾಮು ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲವಂತೆ. ಯಾರೋ ಬರೆದು ಇಟ್ಟ ತಯಾರಿ ತುಂಡುಗಳನ್ನು ತಂದು ಸೇರಿಸುತ್ತಾರೆ. ಅದಕ್ಕೆ ಕ್ರೇಟ್ ಎನ್ನುತ್ತಾರೆ, ನಮ್ಮಲ್ಲಿ ದಾಳಿಂಬೆ ತುಂಬುವುದಕ್ಕೂ ಅದೇ ಹೆಸರು. ಒಂದು ಕ್ರೇಟು ತಂದರೆ ಅದರ ಬೆನ್ನಿಗೆ ಅದರ ನೆಂಟರು, ನೆಂಟರ ನೆಂಟರು ಬಂದು ಕೂರುತ್ತಾರೆ. ಸುಲತಾನಾ ಎಣಿಸಿ ನೋಡಿದಾಗ ನಮ್ಮ ಡಬ್ಬಿಯಲ್ಲಿ ಮೊಸಿನ ಬರೆದದ್ದು ಸ್ವಲ್ಪ, ಗುರುತು ಪರಿಚಯವಿಲ್ಲದವರು ಬರೆದದ್ದು ಬಹಳ. ಯಾವ ಕ್ರೇಟಿನಲ್ಲಿ ಯಾವ ಹುಳುಕು ಸಿಕ್ಕಿದೆ ಎಂದು ಜಗತ್ತಿನ ಜನ ಒಂದು ಕಡೆ ಬರೆದಿಡುತ್ತಾರೆ. ಅವಳ ಕಾವಲು ಅದನ್ನು ದಿನಾ ಬೆಳಿಗ್ಗೆ ನೋಡಿಕೊಂಡು ಬರುತ್ತದೆ. ನಮ್ಮ ಡಬ್ಬಿಯಲ್ಲಿ ಕೂತ ಯಾವನಾದರೂ ಅಲ್ಲಿ ಹೆಸರು ಕೆಡಿಸಿಕೊಂಡಿದ್ದರೆ ಕೆಂಪು.

“ನಾವು ಏನೂ ಬದಲ ಮಾಡದ ದಿನಾನೂ ಯಾಕ ನೋಡಬೇಕು?” ಎಂದು ನಾನು ಕೇಳಿದೆ.

“ನಾವು ಬದಲಾಗಿಲ್ಲಂದ್ರ ಅವರು ಬದಲಾಗಿರೂದಿಲ್ಲೇನ್ರಿ ಮಹಾಂತಣ್ಣಾ? ನಿನ್ನೆ ತನಕ ಚಲೋ ಇದ್ದಾಂವನ ಸುದ್ದಿ ಇವತ್ತ ತಿಳೀಬಹುದು,” ಎಂದಳು. ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ರುಬಿನಾ ತಲೆ ಎತ್ತಲಿಲ್ಲ. ಮಾರನೆಯ ವಾರ ಬಾಗಿಲ ಮೇಲಿನ ಎರಡು ಬಲ್ಬುಗಳನ್ನು ಮಾಡಿ ಹಚ್ಚಿದವಳು ಅವಳೇ. ಫೋನಿನಲ್ಲಿ ಗುರುತು ಬಂದರೆ ಮೊಸಿನ ನೋಡಿಯೂ ನೋಡದ ಹಾಗೆ ಇರುತ್ತಾನೆ ಎಂಬುದು ಅಕ್ಕನಿಗೆ ಗೊತ್ತಿತ್ತು.

ಮೊದಲ ತಿಂಗಳೆಲ್ಲ ಕೆಂಪು. ಗಿರಾಕಿ ಬಂದು ಬೆಂಚಿನ ಮೇಲೆ ಕುಳಿತಿದ್ದಾನೆ, ಡಬ್ಬಿ ತಯಾರಿದೆ, ಬಲ್ಬು ಕೆಂಪಗಿದೆ. “ಏನಾಗೈತ್ರಿ?” ಎಂದರೆ ಏನು ಹೇಳುವುದು? ಸಾಲು ನೆಟ್ಟಗಿಲ್ಲ ಎಂದರೆ ಅವನು ಡಬ್ಬಿಯನ್ನು ನೆಟ್ಟಗೆ ಇಟ್ಟು ನೋಡುತ್ತಿದ್ದ. ಮೊಸಿನನೂ ನಾನೂ ಒಂದಾಗಿ ಅವಳೊಂದಿಗೆ ಜಗಳವಾಡಿದೆವು. ಅವಳು ಜಗಳಕ್ಕೆ ಬರಲಿಲ್ಲ. ಜಗಳಕ್ಕೆ ಬರದವರೊಂದಿಗೆ ಎಷ್ಟು ಹೊತ್ತು ಕಿತ್ತಾಡಲು ಸಾಧ್ಯ? ಕೊನೆಗೆ ಮೊಸಿನ ಸಾಲುಗಳನ್ನು ನೆಟ್ಟಗೆ ಬರೆಯಲು ಕಲಿತ. ಹಸಿರಾಯಿತು.

ಆಮೇಲೆ ತಿಕೋಂಡಿಯ ಆರ್ಡರು ಬಂತು. ಅಲ್ಲಿಯ ದಾಳಿಂಬೆ ಬೆಳೆಗಾರರ ಗುಂಪು ಒಟ್ಟಿಗೇ ಡಬ್ಬಿ ಕೇಳಿತ್ತು, ಆದರೆ ಕನ್ನಡದಲ್ಲಿ, ಮರಾಠಿಯಲ್ಲಿ ಹೇಗೆ ಬರೆದರೂ ಮೆಸೇಜು ತಿಳಿಯಬೇಕು ಎಂದಿತ್ತು. ಮೊಸಿನ ಎಲ್ಲಿಂದಲೋ ಒಂದು ಕ್ರೇಟು ತಂದ. ಯಾವ ಲಿಪಿಯ ಮೆಸೇಜು ಬಂದರೂ ಅದು ಓದಿ ಕೊಡುತ್ತಿತ್ತು. ಸೊಗಸಾಗಿತ್ತು. ಕಳಿಸಬೇಕಾದ ಹಿಂದಿನ ದಿನ ಕೆಂಪು ಬಲ್ಬು ಹತ್ತಿತು.

ಹುಳುಕೇನೂ ಇರಲಿಲ್ಲ. ಆ ಕ್ರೇಟು ಬರೆದವನು ಎರಡು ವರ್ಷದಿಂದ ಕಾಣೆ, ಯಾರು ಕೇಳಿದರೂ ಉತ್ತರವಿಲ್ಲ, ನೋಡಿಕೊಳ್ಳುವವರು ಯಾರೂ ಇಲ್ಲ ಎಂಬ ಸೂಚನೆ ಅಷ್ಟೇ.

“ಬರದಾಂವ ಇಲ್ಲಂದ್ರ ಬರದದ್ದು ಕೆಟ್ಟ ಹೋಗತೈತೇನು?” ಎಂದು ಮೊಸಿನ ಕೇಳಿದ. “ಒಂದ ಸಾಲು ವಿನಾಯಿತಿ ಬರಿ ಭಾಭಿ. ಬಿಡು ಅಂದ್ರ ಕಾವಲು ಬಿಡತೈತಿ.”

“ಬಿಡತೈತಿ. ಆದ್ರ ಬಿಡು ಅಂತ ಯಾರು ಹೇಳಿದ್ರು, ಯಾಕ ಹೇಳಿದ್ರು ಅಂತ ಬರೀಬೇಕು. ನಾ ಏನಂತ ಬರೀಲಿ?”

“ಮಾಲು ನಾಳೆ ಹೋಗಬೇಕು ಅಂತ ಬರಿ,” ಎಂದೆ ನಾನು. ನನ್ನ ದನಿ ಏರಿತ್ತು. ಅವಳು ಬರೆಯಲಿಲ್ಲ.

ಮೊಸಿನ ಮನೆಗೆ ಹೋಗಿ ಅಪ್ಪನನ್ನು ಕರೆತಂದ. ಇದು ನಮ್ಮ ಊರಲ್ಲಿ ಮಾತ್ರ ನಡೆಯುವಂಥದು. ರಸ್ಟಿನ ಕ್ರೇಟಿಗೆ ಅಪ್ಪನ ಶಿಫಾರಸು ತಂದವರು ಬೇರೆಲ್ಲೂ ಇರಲಾರರು. ಹಾಜಿಮಲಂಗ ಚಾಚಾ ಬಂದು ಸ್ಟೂಲಿನ ಮೇಲೆ ಕುಳಿತರು, ಟೋಪಿ ಸರಿಮಾಡಿಕೊಂಡರು. ಮಗ ಹೇಳಿದ್ದನ್ನು ಪೂರ್ತಿ ಕೇಳಿದರು.

“ಹುಳುಕ ಐತೇನು ಅದರಾಗ?” ಎಂದು ಸೊಸೆಯನ್ನು ಕೇಳಿದರು.

“ಸಿಕ್ಕಿಲ್ರಿ ಮಾವಾರ. ಆದ್ರ ಹುಡುಕವರೂ ಯಾರೂ ಇಲ್ಲ.”

“ನಮ್ಮ ಮೊಸಿನಾ ಗುರುತ ಹಿಡದು ತಂದಾನ. ನಾ ಜಾಮೀನ, ಬರಿಯವ್ವಾ.”

ಮೂಲೆಯಲ್ಲಿ ರುಬಿನಾಳ ಬೆಸುಗೆ ಕಡ್ಡಿಯಿಂದ ಹೊಗೆ ಏಳುತ್ತಿತ್ತು. ಮಾವ ಜಾಮೀನು ಎಂದ ಮೇಲೆ ಸೊಸೆ ಇನ್ನೇನು ಮಾಡಬೇಕು? ಸುಲತಾನಾ ಬರೆದಳು. ಬರೆದು ಲ್ಯಾಪ್‌ಟಾಪು ತಿರುಗಿಸಿ ತೋರಿಸಿದಳು. ಕಾರಣ ಎಂಬ ಕಡೆ ‘ಜಾಮೀನು: ಹಾಜಿಮಲಂಗ, ಉಟಗಿ’ ಎಂದಿತ್ತು.

“ಒಂದ ಮಾತು ಮಾವಾರ. ಈ ಜಾಮೀನ ಬರದಾಂವ ಕಾಣಸವಲ್ಲ ಅನ್ನೂದಕ್ಕಷ್ಟ. ನಾಳೆ ಹುಳುಕ ಸಿಕ್ಕರ ಇದು ನಡಿಯೂದಿಲ್ಲ. ಮತ್ತ ಕೆಂಪ ಆಗತೈತಿ.”

“ಆಗಲಿ,” ಎಂದರು ಚಾಚಾ. ಹಸಿರು ಹತ್ತಿತು. ಎಲ್ಲರೂ ಚಹಾ ಕುಡಿದೆವು. ಮಾರನೆಯ ದಿನ ನಾನು ತಿಕೋಂಡಿಗೆ ಹೋಗಿ ಡಬ್ಬಿ ಹಚ್ಚಿ, ಪಾಂಪ್ಲೆಟ್ ಹಂಚಿ ಬಂದೆ.

ಬೇಸಿಗೆ ಬಂತು. ಒಂದು ದಿನ ಬೆಳಿಗ್ಗೆ ನಾನು ಅಂಗಡಿ ತೆರೆದರೆ ಕೆಂಪು ಬಲ್ಬು ಉರಿಯುತ್ತಿತ್ತು. ಹಿಂದಿನ ವಾರವಿಡೀ ಯಾರೂ ಏನೂ ಮುಟ್ಟಿರಲಿಲ್ಲ, ಮೊಸಿನ ಜ್ವರ ಬಂದು ಮಲಗಿದ್ದ. ಬಲ್ಬೇ ಕೆಟ್ಟಿರಬೇಕೆಂದು ನಾನು ತಟ್ಟಿ ನೋಡಿದೆ. ಅಷ್ಟರಲ್ಲಿ ಸುಲತಾನಾ ಬಂದು ಲ್ಯಾಪ್‌ಟಾಪು ತೆರೆದು ಓದಿದಳು. ಓದಿ ಮುಗಿದ ಮೇಲೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಯಾವುದೋ ದೇಶದಲ್ಲಿ ಯಾರೋ ಆ ಕ್ರೇಟಿನಲ್ಲಿ ಹುಳುಕು ಕಂಡುಹಿಡಿದಿದ್ದರು. ಉದ್ದನೆಯ ಮೆಸೇಜು ತುಂಡು ತುಂಡಾಗಿ ಬರುತ್ತದೆ. ರೇಂಜು ಸರಿ ಇಲ್ಲದ ಕಡೆ ಕೊನೆಯ ತುಂಡು ಮೊದಲು ಬಂದರೆ ಆ ಕ್ರೇಟು ಕುಸಿದು ಬೀಳುತ್ತದೆ, ತನ್ನ ಜೊತೆ ಇಡೀ ಪ್ರೋಗ್ರಾಮನ್ನೂ ಕೆಡವುತ್ತದೆ.

“ಬಿದ್ರ ಡಬ್ಬಿ ತಾನ ಮತ್ತ ಚಾಲೂ ಆಗತೈತಿ. ಅದಕ್ಕೇನು?” ಎಂದೆ.

“ಮತ್ತ ಚಾಲೂ ಆದ್ರ ಬೀಗ ಹಾಕಿದ್ದು ಅದಕ್ಕ ನೆನಪಿರೂದಿಲ್ರಿ. ಯಾರೂ ಹೇಳದಿದ್ರೂ ಆಟೋದಾಗ ಏಳತೈತಿ. ಕರೆಂಟ ಇದ್ರ ಮೋಟಾರ ತಿರಗತೈತಿ.” ಪರದೆ ಬಿಟ್ಟು ನನ್ನ ಕಡೆ ತಿರುಗಿ ಕೇಳಿದಳು. “ಮಾವಾ ಇವತ್ತ ಯಾ ಊರಿಗಿ ಹೋಗ್ಯಾರ?”

ನನಗೆ ಗೊತ್ತಿತ್ತು. ಫೋನು ಹಚ್ಚಿ ಕಳಿಸಿದವನು ನಾನೇ. ತಿಕೋಂಡಿಯ ಲಗಮಣ್ಣನ ಬಾವಿಯಲ್ಲಿ ಮೋಟಾರಿಗೆ ಮಣ್ಣು ಸಿಕ್ಕಿಬಿದ್ದಿತ್ತು. ಚಾಚಾ ಬೆಳಗಿನ ಮೊದಲ ಜೀಪಿಗೇ ಹೋಗಿದ್ದರು. ಈ ಹೊತ್ತಿಗೆ ಬೀಗದ ಮೆಸೇಜು ಹಾಕಿ, ಬಾವಿಗಿಳಿದು, ಮೋಟಾರಿನ ಬಾಯಿ ಬಿಚ್ಚಿ ಕೈ ಒಳಗೆ ಹಾಕಿರುತ್ತಾರೆ. ಅವರಿಗೆ ಫೋನು ಹಚ್ಚಿದೆ. ಬಾವಿಯೊಳಗೆ ರೇಂಜು ಇಲ್ಲ. ನನಗೆ ಹೆದರಿಕೆಯಾಯಿತು, ಅದರಲ್ಲಿ ಮುಚ್ಚಿಡುವಂಥದೇನಿಲ್ಲ, ಗಾಡಿಯ ಕೀಲಿ ಹಿಡಿದುಕೊಂಡು ಎದ್ದೆ. ಆದರೆ ಗಾಡಿ ಹೊಡೆದು ತಿಕೋಂಡಿ ಮುಟ್ಟುವುದರೊಳಗೆ ಆಗುವುದು ಆಗಿಹೋಗಿರುತ್ತಿತ್ತು.

ಸುಲತಾನಾ ಲಗಮಣ್ಣನ ಹೆಂಡತಿ ಯಮನವ್ವನಿಗೆ ಫೋನು ಹಚ್ಚಿದಳು. ಆಕೆ ಹೊಲದಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದಳು.

“ಯಮನವ್ವ ಅತ್ಯಾ, ಬಾವಿ ಹತ್ರ ಅದೀರೋ, ಡೀಪಿ ಹತ್ರ ಅದೀರೋ?”

“ಡೀಪಿ ನೆರಳಿಗಿ ಕುಂತೀನಿ. ಬಾವಿ ಆಚಿ ಕಡೆ ಐತಿ. ಯಾಕ?”

“ಎದ್ದು ಅದರಾಗಿನ ಫ್ಯೂಸು ಮೂರೂ ಕಿತ್ತು ಉಡ್ಯಾಗ ಹಾಕ್ಕೋರಿ. ಈಗಿಂದೀಗ. ಯಾರು ಕೇಳಿದ್ರೂ ಕೊಡಬ್ಯಾಡ್ರಿ. ಆಮ್ಯಾಲ ಬಾವಿಗಿ ಹೋಗಿ ನಮ್ಮ ಮಾವನ್ನ ಮ್ಯಾಲ ಕರೀರಿ.”

ಯಮನವ್ವ ಕಾರಣ ಕೇಳಲಿಲ್ಲ. ಫೋನಿನಲ್ಲಿ ಪಿಂಗಾಣಿಯ ಸದ್ದು ಮೂರು ಸಲ ಕೇಳಿತು.

ನಾನು ತಿಕೋಂಡಿ ಮುಟ್ಟಿದಾಗ ಬಾವಿಯ ದಂಡೆಯ ಮೇಲೆ ಜನ ಸೇರಿದ್ದರು. ಹತ್ತಿರ ಹೋದರೆ ಅವರೆಲ್ಲ ಜಗಳಕ್ಕೆ ಬಂದವರು. ಆ ಡೀಪಿಯ ಮೇಲೆ ಸುತ್ತಲಿನ ಬಾವಿಗಳ ಮೋಟಾರುಗಳೆಲ್ಲ ಇದ್ದವು. ಕರೆಂಟು ಬಂದು ಎಲ್ಲರ ಹೊಲಕ್ಕೂ ನೀರು ಹಾಯುತ್ತಿದ್ದಾಗ ಯಮನವ್ವ ಫ್ಯೂಸು ಕಿತ್ತು ಉಡಿಯಲ್ಲಿ ಕಟ್ಟಿಕೊಂಡಿದ್ದಳು. ಅವರು ಬೈಯುತ್ತಿದ್ದರು, ಅವಳು ಉಡಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಚಾಚಾ ಮೈಯೆಲ್ಲ ಕೆಸರಾಗಿ ಮೇಲೆ ಬಂದು ಒದ್ದೆ ಬಟ್ಟೆ ಹಿಂಡುತ್ತಿದ್ದರು. “ಇನ್ನಿಷ್ಟು ಕೆಲಸ ಉಳದಿತ್ತಲ್ಲೋ ಮಹಾಂತಾ, ಯಾಕ ಎಬ್ಬಿಸಿದ್ರಿ?” ಎಂದರು. ಅವರಿಗೆ ಸಿಟ್ಟು ಬಂದಿತ್ತು.

ಉದ್ದನೆಯ ಮೆಸೇಜು ಅವತ್ತು ಬರಲೇ ಇಲ್ಲ. ಏನೂ ಆಗಲಿಲ್ಲ. ಸುಲತಾನಾಳ ಕೆಲಸದ ತೊಂದರೆ ಇದೇ. ಅದು ಸರಿಯಾಗಿ ನಡೆದಾಗ ತೋರಿಸಲಿಕ್ಕೆ ಏನೂ ಇರುವುದಿಲ್ಲ. ಮೋಟಾರು ತಿರುಗದಿದ್ದ ಬಾವಿಯನ್ನು ಪಾಂಪ್ಲೆಟ್ಟಿನಲ್ಲಿ ಹಾಕಲು ಬರುವುದಿಲ್ಲ.

ಸಂಜೆ ಚಾಚಾ ಅಂಗಡಿಗೆ ಬಂದರು. ಏನಿತ್ತು ಅಂಥದ್ದು ಎಂದು ಕೇಳಿದರು. ಸುಲತಾನಾ ಬಾಯಲ್ಲಿ ಹೇಳಲಿಲ್ಲ. ರುಬಿನಾ ಒಂದು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಮೋಟಾರಿನ ಬದಲು ಒಂದು ಸಾದಾ ಬಲ್ಬು ಹಚ್ಚಿದಳು. ಸುಲತಾನಾ ಫೋನನ್ನು ಮಾವನ ಕೈಗೇ ಕೊಟ್ಟು, “ಬೀಗ ಹಾಕ್ರಿ,” ಎಂದಳು. ಅವರು ಹಾಕಿದರು. ಬಲ್ಬು ಆರಿತು. ‘ಚಾಲೂ’ ಎಂದು ಹಾಕಿಸಿದಳು, ಬಲ್ಬು ಹತ್ತಲಿಲ್ಲ. ಚಾಚಾ ನನ್ನ ಕಡೆ ನೋಡಿದರು, ಸರಿಯಾಗೇ ಇದೆಯಲ್ಲ ಎಂಬಂತೆ. ಆಗ ಸುಲತಾನಾ ಒಂದು ಬೀಜದ ಕಂಪನಿಯ ಜಾಹೀರಾತು ತೆಗೆದುಕೊಂಡಳು. ಲಗಮಣ್ಣನ ಡಬ್ಬಿಯ ಸಿಮ್ಮಿಗೇ ಹಿಂದೆ ಬಂದಿದ್ದ ಮೆಸೇಜು ಅದು. ಅದರ ತುಂಡುಗಳನ್ನು ಹಿಂದುಮುಂದು ಮಾಡಿ ಲ್ಯಾಪ್‌ಟಾಪಿನಿಂದ ಡಬ್ಬಿಗೆ ಬಿಟ್ಟಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಡಬ್ಬಿಯೊಳಗೆ ಟಕ್ ಎಂದಿತು. ಬಲ್ಬು ಹತ್ತಿತು.

ಚಾಚಾ ಆ ಸದ್ದನ್ನು ಬಾವಿಯ ದಂಡೆಗಳ ಮೇಲೆ ಜೀವಮಾನವಿಡೀ ಕೇಳಿದವರು. ಅದು ಕೇಳಿದ ಮರುಕ್ಷಣ ಮೋಟಾರು ತಿರುಗುತ್ತದೆ. ಅವರು ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ, ಬೆರಳು ಮಡಚಿ ಬಿಚ್ಚಿ ನೋಡಿಕೊಂಡರು.

“ತಿಕೋಂಡಿಯೊಳಗ ಇಂಥಾವು ಎಷ್ಟ ಮಂದಿ ಕಡೆ ಅದಾವು?” ಎಂದು ಕೇಳಿದರು.

“ಗುಂಪಿನವರ ಎಲ್ಲಾರ ಕಡೆ ಅದಾವ್ರಿ,” ಎಂದೆ.

ಮೊಸಿನ ಜ್ವರದಲ್ಲೇ ಎದ್ದು ಬಂದು ಆ ಕ್ರೇಟನ್ನು ಕಿತ್ತುಹಾಕಿದ, ಅದರ ಬದಲು ಆ ಕೆಲಸಕ್ಕೆ ಬೇಕಾದಷ್ಟನ್ನು ತಾನೇ ಬರೆದ. ಬೀಗ ಹಾಕಿದ್ದು ಡಬ್ಬಿ ಬಿದ್ದು ಎದ್ದರೂ ನೆನಪಿರುವಂತೆ ಮಾಡಿದ. ಅದು ಮೊದಲೇ ಇರಬೇಕಿತ್ತು, ಅದು ಕ್ರೇಟಿನ ತಪ್ಪಲ್ಲ, ನಮ್ಮದೇ ಎಂದು ಸುಲತಾನಾ ಸ್ಪಷ್ಟವಾಗಿ ಹೇಳಿದಳು. “ನನ್ನ ಕಾವಲಿಗೂ ಅದು ಸಿಕ್ಕಿರಲಿಲ್ಲ. ಅದನ್ನ ನೋಡು ಅಂತ ನಾ ಹೇಳಿರಲಿಲ್ಲ,” ಎಂದು ಸೇರಿಸಿ, ಆ ಪರೀಕ್ಷೆಯನ್ನೂ ಬರೆದಳು. ಕ್ಲಿಪ್ಪಿ ಮೊಸಿನನ ಹೊಸ ಸಾಲುಗಳಿಗೆ ಗೊಣಗಿತು. ಅವನು ಮರುಮಾತಾಡದೆ ತಿದ್ದಿದ. ಹಸಿರಾಯಿತು.

ಹಸಿರಾದ ಮೇಲೆ ವಿನಾಯಿತಿಯ ಸಾಲು ಬೇಕಿರಲಿಲ್ಲ. “ತಗದ ಬಿಡಲೇನ್ರಿ ಮಾವಾರ, ನಿಮ್ಮ ಹೆಸರು?” ಎಂದು ಸುಲತಾನಾ ಕೇಳಿದಳು.

“ಬ್ಯಾಡ. ಎಲ್ಲಾ ಡಬ್ಬಿ ರಿಪೇರಿ ಆಗೂ ತನಕ ಇರಲಿ,” ಎಂದರು.

ಹೊಸ ಪ್ರೋಗ್ರಾಮು ತುಂಬಬೇಕಾದರೆ ಒಂದೊಂದು ಡಬ್ಬಿಯ ಹತ್ತಿರವೂ ಹೋಗಿ ವಾಯರು ಚುಚ್ಚಬೇಕು. ನಾನು ಹೊರಟೆ. ಚಾಚಾ ಕರೆಯದೆಯೇ ನನ್ನ ಗಾಡಿಯ ಹಿಂದೆ ಹತ್ತಿ ಕುಳಿತರು. ನಾನು ವಾಯರು ಚುಚ್ಚಿಕೊಂಡು ಕುಳಿತಾಗ ಅವರು ಆ ಮನೆಯ ಹೊಸ್ತಿಲ ಹೊರಗೆ ಬಿಸಿಲಲ್ಲಿ ನಿಂತು, “ಈ ಡಬ್ಬಿಗಿ ಜಾಮೀನ ನಂದಿತ್ತು. ಕೆಟ್ಟಿತ್ತು. ಸರಿ ಮಾಡಾಕ ಬಂದೀವಿ,” ಎನ್ನುತ್ತಿದ್ದರು. ರೈತರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅವರ ಡಬ್ಬಿ ಚಲೋ ನಡೆದಿತ್ತು. ಆದರೆ ಹೊಸ್ತಿಲ ಹೊರಗೆ ನಿಂತ ಮುದುಕ ಏನು ಹೇಳುತ್ತಿದ್ದಾನೆಂದು ಎಲ್ಲರಿಗೂ ತಿಳಿಯುತ್ತಿತ್ತು. “ಕುಂದ್ರಿ ಚಾಚಾ, ಚಾ ಕುಡೀರಿ,” ಎನ್ನುತ್ತಿದ್ದರು. ಆಗ ಕುಳಿತು ಚಹಾ ಕುಡಿಯುತ್ತಿದ್ದರು. ಲಗಮಣ್ಣನ ಮನೆಯಲ್ಲಿ ಯಮನವ್ವ ಮಾತ್ರ ಅವರನ್ನು ಬಹಳ ಹೊತ್ತು ನಿಲ್ಲಿಸಿದಳು. ಊರವರಿಂದ ಬೈಸಿಕೊಂಡವಳು ಅವಳಲ್ಲವೇ? ಆಮೇಲೆ ಕುಂದ್ರಿ ಎಂದು ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು.

ಎಲ್ಲ ಮುಗಿಸಿ ಉಟಗಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಅಂಗಡಿಯಲ್ಲಿ ಸುಲತಾನಾ ಲ್ಯಾಪ್‌ಟಾಪು ಹಿಡಿದು ಕುಳಿತಿದ್ದಳು, ರುಬಿನಾ ತನ್ನ ಮೂಲೆಯಲ್ಲಿದ್ದಳು. ಚಾಚಾ ಹೊರಗೇ ನಿಂತರು.

“ಎಲ್ಲಾ ಆದುವು. ಈಗ ನನ್ನ ಹೆಸರು ತಗಿಯವ್ವಾ,” ಎಂದರು. ಸುಲತಾನಾ ತೆಗೆದಳು. ಕಾವಲು ಮತ್ತೆಲ್ಲ ನೋಡಿಕೊಂಡು ಬಂದು ಹಸಿರು ತೋರಿಸಿತು.

“ಒಳಗ ಬರ್ರಿ ಮಾವಾರ.”

ಚಾಚಾ ಬರಲಿಲ್ಲ. ಹೊಸ್ತಿಲ ಹೊರಗೆ, ತಿಕೋಂಡಿಯ ಮನೆಗಳ ಮುಂದೆ ನಿಂತ ಹಾಗೇ ನಿಂತಿದ್ದರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಸುಲತಾನಾಳ ಕಡೆಗೂ ನನ್ನ ಕಡೆಗೂ ನೋಡುತ್ತಿರಲಿಲ್ಲ.

“ರುಬಿನಾ,” ಎಂದರು. “ನಿನ್ನ ಸಂಬಂಧಕ್ಕ ಜಾಮೀನ ನಂದಿತ್ತವ್ವಾ. ಗಿರಣಿಗಿ ಹೋಗವರನ್ನ ನಾನ ತಡದೆ.”

ರುಬಿನಾ ಕೈಯಲ್ಲಿದ್ದ ಬೋರ್ಡು ಕೆಳಗಿಡಲಿಲ್ಲ. ಹಿಡಿದ ಬೆಸುಗೆ ಮುಗಿಸಿದಳು, ಊದಿದಳು, ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದು ಬೆಸುಗೆ ಹಾಕಿದಳು, ಅದನ್ನೂ ನೋಡಿದಳು. ಬಾಗಿಲಲ್ಲಿ ಬಿಸಿಲಿತ್ತು. ಹೊರಗೆ ಹೋಗಿಬಿಡೋಣವೆಂದರೆ ಬಾಗಿಲಲ್ಲಿ ಚಾಚಾ ನಿಂತಿದ್ದರು, ನಾನು ವಾಯರು ಸುತ್ತುತ್ತ ಕುಳಿತೆ. ಸುಲತಾನಾ ಪರದೆ ನೋಡುತ್ತಿದ್ದಳು, ಪರದೆಯಲ್ಲಿ ನೋಡುವಂಥದೇನೂ ಇರಲಿಲ್ಲ.

“ಭಾಳ ದಿನ ಹಚ್ಚಿದ್ರಿ ಅಬ್ಬಾ,” ಎಂದಳು ರುಬಿನಾ.

“ಹೌದು.”

ಅವಳು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟಳು. ತಾನು ಕುಳಿತಿದ್ದ ಸ್ಟೂಲಿನಿಂದ ಎದ್ದು, ಅದನ್ನು ಎತ್ತಿಕೊಂಡು ಬಂದು ಹೊಸ್ತಿಲ ಒಳಗೆ ಇಟ್ಟಳು.

“ಕುಂದ್ರಿ,” ಎಂದಳು.

ಚಾಚಾ ಕುಳಿತರು. ನಾನು ಚಹಾ ಹೇಳಿ ಬರಲು ಎದ್ದೆ.